ಹೆಣ್ಣುಮರಿ ಯಾರಿಗೂ ಬೇಡ

ನಮ್ಮ ಕಡೆ ಯಾವ ಮನೆಯಲ್ಲಾದರೂ ನಾಯಿ ಮರಿ ಹಾಕಿದ ಸುದ್ದಿ ಬಂತೆಂದರೆ ನೆರೆಕರೆಯವರು ಮೊದಲಾಗಿ ಕೇಳುವ ಪ್ರಶ್ನೆ ಒಂದೇ: "ಗಂಡು ಎಷ್ಟು?" ಗಂಡುಮರಿಗಳು ಕಣ್ಣು ಬಿಡುವ ಮೊದಲೇ ಅವುಗಳಿಗೆ ಮನೆ ಗೊತ್ತಾಗಿರುತ್ತದೆ. ಒಂದು ತೋಟದ ಕಾವಲಿಗೆ, ಒಂದು ಅಕ್ಕನ ಮನೆಗೆ, ಮತ್ತೊಂದು ಪೇಟೆಯ ಅಂಗಡಿಯವರಿಗೆ. ಹೆಣ್ಣುಮರಿಗಳ ವಿಚಾರ ಯಾರೂ ಎತ್ತುವುದಿಲ್ಲ. ಅವು ತಾಯಿಯ ಹಾಲು ಬಿಟ್ಟು ಅನ್ನಕ್ಕೆ ಬಾಯಿ ಹಾಕತೊಡಗಿದ ವಾರದಲ್ಲಿ, ಒಂದು ಮುಂಜಾನೆ, ಗೋಣಿಚೀಲವೊಂದು ಹಟ್ಟಿಯಿಂದ ಹೊರಡುತ್ತದೆ. ಸಂಜೆಗೆ ಅದು ಖಾಲಿಯಾಗಿ ತಿರುಗಿ ಬರುತ್ತದೆ. ಎಲ್ಲಿಗೆ ಹೋಗಿತ್ತೆಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಈ ಮಾತನ್ನು ಪರರ ಮೇಲೆ ಹೊರಿಸಿ ಬರೆಯುವ ಹಕ್ಕು ನಮಗಿಲ್ಲ. ಐದನೆಯ ತರಗತಿಯಲ್ಲಿದ್ದಾಗ ಅಂಥ ಒಂದು ಚೀಲದ ಬಾಯಿ ಹಿಡಿದುಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವರು ನಾವೇ. ನಾಯಿ ಹೊಳೆ ದಾಟಿದರೆ ವಾಸನೆ ತಪ್ಪಿ ಹಿಂದೆ ಬರುವುದಿಲ್ಲವೆಂದು ಹಿರಿಯರ ನಂಬಿಕೆ. ಆದುದರಿಂದ ಶಿರಿಯ ಹೊಳೆಯ ಆಚೆ, ಒಂದು ಪೇಟೆಯ ಮೀನು ಮಾರ್ಕೆಟಿನ ಹಿಂಬದಿಯಲ್ಲಿ ಮೂರು ಮರಿಗಳನ್ನು ಸುರಿದು ಬಂದೆವು. "ಇಲ್ಲಾದರೆ ತಿನ್ನಲಿಕ್ಕೆ ಏನಾದರೂ ಸಿಕ್ಕುತ್ತದೆ" ಎಂದು ತಂದೆಯವರು ಹೇಳಿದ್ದರು. ಅವರು ನಿರ್ದಯಿಗಳಾಗಿರಲಿಲ್ಲ. ಮನೆಯ ಹಸು ಸತ್ತಾಗ ಎರಡು ದಿನ ಊಟ ಬಿಟ್ಟವರು. ಬೇರೆ ದಾರಿಯಿದೆಯೆಂದು ಅವರಿಗೆ ಹೇಳಿದವರಿರಲಿಲ್ಲ, ಅಷ್ಟೆ. ಒಂದು ಮರಿ ಮಾತ್ರ ಮೋರಿಯ ತನಕ ನಮ್ಮ ಹಿಂದೆ ಓಡಿ ಬಂದಿತ್ತು. ಬಸ್ಸು ಬಂತು, ನಾವು ಹತ್ತಿದೆವು.

ನಾಯಿ ಗಬ್ಬ ಧರಿಸಿ ಮರಿ ಹಾಕಲು ಬೇಕಾಗುವುದು ಸುಮಾರು 63 ದಿನ. ವರ್ಷಕ್ಕೆ ಎರಡು ಸಲ, ಸಲಕ್ಕೆ ನಾಲ್ಕೋ ಐದೋ ಆರೋ ಮರಿ. ಆ ಮೂರರಲ್ಲಿ ಒಂದು ಬದುಕಿ ಉಳಿದಿದ್ದರೂ ಅದರ ಸಂತತಿ ಇಂದು ಎಷ್ಟಾಗಿರಬಹುದೆಂದು ಲೆಕ್ಕ ಹಾಕಲು ನಾವು ಗಣಿತದ ಮಾಸ್ತರರಾಗಿದ್ದರೂ ಕೈ ಹಾಕಿಲ್ಲ. ಪೇಟೆಯಲ್ಲಿ ನಾಯಿಗಳ ಹಾವಳಿ, ಶಾಲೆಯ ಮಕ್ಕಳಿಗೆ ನಾಯಿ ಕಚ್ಚಿತು, ಬೈಕಿನ ಹಿಂದೆ ಓಡಿ ಬಂತು, ಪಂಚಾಯತು ಏನು ಮಾಡುತ್ತಿದೆ ಎಂಬ ಸುದ್ದಿಗಳನ್ನು ನಾವೂ ಓದುತ್ತೇವೆ, ನೀವೂ ಓದುತ್ತೀರಿ. ಪಂಚಾಯತನ್ನು ಕೇಳಬೇಕಾದುದೇ. ಆದರೆ ಆ ನಾಯಿಗಳು ಆಕಾಶದಿಂದ ಉದುರಿದವಲ್ಲವಲ್ಲ! ಅವುಗಳಲ್ಲಿ ಬಹಳಷ್ಟು ನಮ್ಮ ಹಟ್ಟಿಗಳಿಂದ ಹೊರಟವುಗಳ ಮಕ್ಕಳು, ಮೊಮ್ಮಕ್ಕಳು.

ಕಾನೂನು ಇಲ್ಲವೆಂದಲ್ಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಂದ ನರಳುವಂತೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯಿದೆ ಇಟ್ಟಿರುವ ದಂಡ 10ರಿಂದ 50 ರೂಪಾಯಿ. ಇಂದು ಆ ಹಣಕ್ಕೆ ಪೇಟೆಯಲ್ಲಿ ಒಂದು ಚಹ, ಒಂದು ಬನ್ಸು ಸಿಕ್ಕೀತು. ಬೀದಿನಾಯಿಗಳನ್ನು ಕೊಲ್ಲದೆ, ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸಿನ ಚುಚ್ಚುಮದ್ದು ಕೊಟ್ಟು ಮತ್ತೆ ಅದೇ ಜಾಗದಲ್ಲಿ ಬಿಡಬೇಕೆಂದು 2001ರ ನಿಯಮಗಳು ಹೇಳಿದವು. 2023ರಲ್ಲಿ ಆ ನಿಯಮಗಳನ್ನು ಹೊಸದಾಗಿ ಬರೆಯಲಾಯಿತು. ಈ ನಡುವೆ 2022ರ ಸೆಪ್ಟೆಂಬರಿನಲ್ಲಿ ಪತ್ತನಂತಿಟ್ಟ ಜಿಲ್ಲೆಯ 12 ವರ್ಷದ ಬಾಲಕಿ ರೇಬೀಸಿನಿಂದ ತೀರಿಕೊಂಡಳು. 2023ರ ಜೂನಿನಲ್ಲಿ ಕಣ್ಣೂರಿನ ಮುಳಪ್ಪಿಲಂಗಾಡಿನಲ್ಲಿ 11 ವರ್ಷದ ಬಾಲಕನನ್ನು ನಾಯಿಗಳು ಕಚ್ಚಿ ಕೊಂದವು. ಹೆತ್ತವರ ಮುಂದೆ ನಿಂತು ಪ್ರಾಣಿದಯೆಯ ಮಾತಾಡುವ ಧೈರ್ಯ ಯಾರಿಗುಂಟು? 2025ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ನಾಯಿಗಳ ವಿಚಾರದಲ್ಲಿ ಆಗಸ್ಟ್ 11ರಂದು ಒಂದು ಆಜ್ಞೆ ಮಾಡಿ, 22ರಂದು ಅದನ್ನು ತಿದ್ದಿತು. ಆ ತಿದ್ದುಪಡಿಯ ಗದ್ದಲದಲ್ಲಿ ಒಂದು ಮಾತು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಬೀದಿನಾಯಿಯನ್ನು ದತ್ತು ತೆಗೆದುಕೊಳ್ಳಲು ಇಷ್ಟವುಳ್ಳವರು ನಗರಸಭೆಗೆ ಅರ್ಜಿ ಕೊಡಬಹುದು, ಆದರೆ ಹಾಗೆ ತೆಗೆದುಕೊಂಡ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದು ಕೋರ್ಟು ಹೇಳಿತ್ತು.

ದತ್ತು ಎಂಬ ಶಬ್ದ ಕೇಳಿ ನಮ್ಮ ಅಮ್ಮ ನಕ್ಕದ್ದುಂಟು. "ನಾಯಿಯನ್ನು ದತ್ತು ತೆಗೆದುಕೊಳ್ಳುವುದಾ? ಹೋಮ ಎಲ್ಲ ಉಂಟಾ ಅದಕ್ಕೆ?" ಎಂದು ಕೇಳಿದ್ದರು. ಅಮ್ಮನಿಗೆ ಈಗ 86.

ಸಂದರ್ಭ ಹೀಗೆ ಬಂತು. ನಮ್ಮ ಮನೆಯಲ್ಲಿ 13 ವರ್ಷ ಇದ್ದ ಕರಿಯ ಎರಡು ಮಳೆಗಾಲಗಳ ಹಿಂದೆ ಸತ್ತ. ಅಡಿಕೆ ತೋಟದ ನಡುವಿನ ಮನೆ. ಹಂದಿ, ಮಂಗ, ಮುಳ್ಳುಹಂದಿಗಳ ಕಾಟ ಹೇಳಿ ಮುಗಿಯದು. ಮುಳಿಯಾರು ಕಡೆಯಲ್ಲಿ 2024-25ರಲ್ಲಿ ಚಿರತೆಯ ಸುದ್ದಿ ಎದ್ದ ಮೇಲಂತೂ ನಾಯಿಯಿಲ್ಲದ ಅಂಗಳದಲ್ಲಿ ರಾತ್ರಿ ಹೊರಗಿಳಿಯಲು ಮನೆಯಾಕೆ ಒಪ್ಪುತ್ತಿರಲಿಲ್ಲ. ಭಾವನವರು ಜಾತಿನಾಯಿ ತರಿಸಿಕೊಡುತ್ತೇನೆಂದರು. ನಮ್ಮ ಮಳೆಗೆ, ಉಣ್ಣಿಗೆ, ಈ ಸೆಕೆಗೆ ದಪ್ಪ ರೋಮದ ಆ ನಾಯಿಗಳು ಪಡುವ ಪಾಡನ್ನು ನಾವು ಅವರ ಮನೆಯಲ್ಲೇ ಕಂಡಿದ್ದೆವು. ಚರ್ಮ ಕೆರೆದು ಕೆರೆದು ಹುಣ್ಣಾಗಿ ಮೃಗಾಸ್ಪತ್ರೆಗೆ ನಡೆದದ್ದೇ ನಡೆದದ್ದು. ಮಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಹೇಳಿದಳು: "ಅಪ್ಪ, ಇಲ್ಲಿ ಒಂದು ಆಶ್ರಯಕೇಂದ್ರ ಉಂಟು. ಊರ ನಾಯಿಗಳೇ. ಒಮ್ಮೆ ಬಂದು ನೋಡಿ."

ಆಸ್ಪತ್ರೆಗೂ ಮಂಗಳೂರು, ಕಾಲೇಜಿಗೂ ಮಂಗಳೂರು, ಈಗ ನಾಯಿಗೂ ಮಂಗಳೂರು ಎಂದುಕೊಂಡು ಹೊರಟೆವು. ಇಂಥ ಆಶ್ರಯಕೇಂದ್ರಗಳು ನಮ್ಮ ದೇಶಕ್ಕೆ ತೀರಾ ಹೊಸತೇನೂ ಅಲ್ಲ. ಮದ್ರಾಸಿನಲ್ಲಿ ಬ್ಲೂ ಕ್ರಾಸ್ 1959ರಲ್ಲಿ ಆರಂಭವಾಯಿತು. ಬೆಂಗಳೂರಿನ ಕ್ಯೂಪಾವನ್ನು ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ 1991ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ ಹುಟ್ಟುಹಾಕಿದರು. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ನಾವು ಹೋದುದು ಅಷ್ಟು ದೊಡ್ಡದಲ್ಲದ ಒಂದು ಕಡೆಗೆ, ಐದಾರು ಮಂದಿ ಸೇರಿ ನಡೆಸುವಲ್ಲಿಗೆ.

ಗೇಟಿನಿಂದಲೇ ಫಿನಾಯಿಲಿನ ವಾಸನೆ, ಬೇಯುವ ಅನ್ನದ ವಾಸನೆ, ಕಿವಿ ಕಿವುಡಾಗುವಷ್ಟು ಬೊಬ್ಬೆ. ಬಸ್ಸಿನಡಿಗೆ ಬಿದ್ದು ಕಾಲು ಕಳೆದುಕೊಂಡದ್ದು, ಎರಡೂ ಕಣ್ಣಿಲ್ಲದ್ದು, ಬೆನ್ನಿಗೆ ಬಿಸಿನೀರು ಎರಚಿಸಿಕೊಂಡದ್ದು. ಒಂದು ಮೂಲೆಯಲ್ಲಿ ಮುದಿ ಲ್ಯಾಬ್ರಡಾರ್ ಒಂದು ಯಾರನ್ನೂ ನೋಡದೆ ಮಲಗಿತ್ತು. ಮನೆ ಬದಲಾಯಿಸುವಾಗ ಯಜಮಾನರು ಕಟ್ಟಿಯೇ ಬಿಟ್ಟು ಹೋಗಿದ್ದರಂತೆ. ಹೆಣ್ಣುಮರಿಗಳ ಗೂಡಿನ ಮುಂದೆ ನಾವು ನಿಂತೆವು. ಹದಿನೇಳಿದ್ದವು. ಪಕ್ಕದ ಗಂಡುಮರಿಗಳ ಗೂಡಿನಲ್ಲಿ ಎರಡು. "ಗಂಡು ವಾರದೊಳಗೆ ಹೋಗ್ತದೆ ಮಾಷ್ಟ್ರೆ. ಇವು ಇಲ್ಲೇ ದೊಡ್ಡದಾಗುವುದು" ಎಂದರು ಅಲ್ಲಿನ ಹೆಂಗಸು. ನಮಗೆ ಮೀನು ಮಾರ್ಕೆಟಿನ ಹಿಂಬದಿಯ ನೆನಪಾಯಿತು. ಅವರಿಗೆ ಹೇಳಲಿಲ್ಲ.

ನಾಯಿಯನ್ನು ಆರಿಸಲು ಹೋದವರು ನಾವು. ಆದರೆ ಪರೀಕ್ಷೆ ನಡೆದದ್ದು ನಮಗೆ. ಮನೆಯಲ್ಲಿ ಯಾರು ಯಾರಿದ್ದಾರೆ? ನಾಯಿಯನ್ನು ಹಗಲಿಡೀ ಸಂಕೋಲೆಯಲ್ಲಿ ಕಟ್ಟುತ್ತೀರಾ? ಮದುವೆ, ಜಾತ್ರೆ ಎಂದು ಎರಡು ದಿನ ಹೋದರೆ ಅನ್ನ ಹಾಕುವವರು ಯಾರು? ಬಾವಿಗೆ ಕಟ್ಟೆ ಉಂಟೇ? ಇಲಿಗೆ ವಿಷ ಇಡುತ್ತೀರಾ? ತೋಟಕ್ಕೆ ಮೈಲುತುತ್ತು ಬಿಡುವ ದಿನ ಡ್ರಮ್ಮಿನ ನೀರಿಗೆ ಬಾಯಿ ಹಾಕದಂತೆ ಏನು ಮಾಡುತ್ತೀರಿ? ಮೂವತ್ತಮೂರು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನಮಗೆ ಅಂದು ಬೆವರು ಬಂತು. ಮೀನು, ಮೊಟ್ಟೆ ಮನೆಗೆ ಬರುವುದಿಲ್ಲವೆಂದು ಅಂಜುತ್ತ ಹೇಳಿದೆವು. ಅದಕ್ಕೆ ಅವರು ಬೇಡವೆನ್ನಲಿಲ್ಲ. ಬೆಕ್ಕಿಗೆ ಮಾಂಸ ಬೇಕೇ ಬೇಕು, ನಾಯಿ ಅನ್ನ, ಬೇಳೆ, ಮೊಸರು, ತರಕಾರಿಗಳಲ್ಲಿ ಬದುಕಬಲ್ಲದು, ಆದರೆ ಬರೇ ಗಂಜಿ ತೆಳಿ ಹೊಯ್ದರೆ ಸಾಲದು ಎಂದರು. ಆಮೇಲೆ ಆಧಾರ್ ಕಾರ್ಡಿನ ಪ್ರತಿ, ಮನೆಯ ಫೋಟೋ, ಒಂದು ಕರಾರು ಪತ್ರ. ಸಾಕಲು ಆಗದೆ ಹೋದರೆ ಇನ್ನೊಬ್ಬರಿಗೆ ದಾಟಿಸದೆ, ದಾರಿಯಲ್ಲಿ ಬಿಡದೆ, ಅಲ್ಲಿಗೇ ತಂದು ಒಪ್ಪಿಸಬೇಕೆಂಬುದು ಅದರ ಮುಖ್ಯ ಮಾತು. ಸಹಿ ಹಾಕಿದೆವು.

ನಾವು ತಂದುದು ಎಂಟು ತಿಂಗಳ ಒಂದು ಕಂದುಬಣ್ಣದ ಹೆಣ್ಣು. ಕಿವಿಯ ತುದಿಯಲ್ಲಿ ಸಣ್ಣ ಕಚ್ಚು. ಶಸ್ತ್ರಚಿಕಿತ್ಸೆ ಆಗಿದೆಯೆಂಬುದಕ್ಕೆ ಅದೇ ಗುರುತು. ಪೇಟೆಯ ನಾಯಿಗಳ ಕಿವಿಯನ್ನು ಇನ್ನು ಮುಂದೆ ನೀವೂ ಗಮನಿಸಿ. ರೇಬೀಸಿನ ಚುಚ್ಚುಮದ್ದು ಆಗಿತ್ತು, ಚೀಟಿಯಲ್ಲಿ ತಾರೀಕು ಬರೆದಿತ್ತು. ಅಂದರೆ ನಾಯಿ ಸಾಕುವವನಿಗೆ ಬರುವ ಮೊದಲ ಖರ್ಚು, ಮೊದಲ ಹೆದರಿಕೆ ಎರಡನ್ನೂ ಅವರೇ ಕಳೆದುಕೊಟ್ಟಿದ್ದರು.

ಅಮ್ಮ ಮೆಟ್ಟಲಿನಿಂದ ಇಳಿಯಲಿಲ್ಲ. "ಹೆಣ್ಣು ನಾಯಿಯಾ! ನಿನಗೆ ಮರ್ಲಾ? ಇನ್ನು ಊರಿನ ಗಂಡುನಾಯಿಗಳೆಲ್ಲ ನಮ್ಮ ಅಂಗಳದಲ್ಲಿ." ಆಪರೇಷನ್ ಆಗಿದೆ, ಹಾಗೇನೂ ಬರುವುದಿಲ್ಲ ಎಂದು ವಿವರಿಸಿದೆವು. ಅದನ್ನು ಕೇಳಿ ಅವರಿಗೆ ಇನ್ನಷ್ಟು ಬೇಸರವಾಯಿತು. "ಪಾಪದ್ದು" ಎಂದು ಒಳಗೆ ಹೋದರು.

ಕೆಂಪಿ ಎಂದು ಹೆಸರಿಟ್ಟೆವು. ಮೊದಲ ವಾರ ಅದು ಸೌದೆ ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ. ಬೊಗಳಲಿಲ್ಲ. ಹಿಡಿಸೂಡಿ ಕಂಡರೆ ನೆಲಕ್ಕೆ ಅಂಟಿ ಮೂತ್ರ ಮಾಡುತ್ತಿತ್ತು. ತೋಟ ಕಾಯಲು ತಂದ ನಾಯಿ! ಆಶ್ರಯದವರು ಮೊದಲೇ ಎಚ್ಚರಿಸಿದ್ದರು: ಕರೆಯಬೇಡಿ, ಎಳೆಯಬೇಡಿ, ಅನ್ನ ಇಟ್ಟು ದೂರ ಹೋಗಿ, ಎರಡು ತಿಂಗಳು ತಾಳ್ಮೆ ಇರಲಿ ಎಂದು. ಹೊಸದಾಗಿ ತಂದ ನಾಯಿ ಮೂರು ದಿನದಲ್ಲಿ ಹೊಂದಿಕೊಳ್ಳಲಿಲ್ಲವೆಂದು ತಿರುಗಿ ಬಿಟ್ಟು ಹೋಗುವವರೇ ಹೆಚ್ಚಂತೆ. ಹತ್ತನೆಯ ದಿನ ಮಾಡಿಗೆ ಮಂಗಗಳು ಬಂದಾಗ ಒಂದು ಸಲ ಬೊಗಳಿತು. ಮನೆಯವರೆಲ್ಲ ಅಡುಗೆಕೋಣೆಯಿಂದ ಹೊರಗೆ ಓಡಿ ಬಂದೆವು. ನಾವು ಮನೆಯಲ್ಲಿ ಕನ್ನಡದಲ್ಲಿ ಕರೆಯುತ್ತೇವೆ, ತೋಟದ ಕೆಲಸದವರು ತುಳುವಿನಲ್ಲಿ ಗದರುತ್ತಾರೆ, ಬೇಲಿಯಾಚೆಯ ಮನೆಯವರು ಮಲೆಯಾಳದಲ್ಲಿ ಮಾತಾಡಿಸಿ ಮೀನಿನ ತಲೆ ಹಾಕುತ್ತಾರೆ. ತಿಂಗಳೊಳಗೆ ಮೂರೂ ಭಾಷೆ ಅದಕ್ಕೆ ಬಂತು. ಈ ಜಿಲ್ಲೆಯ ಮಕ್ಕಳಿಗೆ ಬಂದ ಹಾಗೆಯೇ.

ಅಷ್ಟರಲ್ಲಿ ದೀಪಾವಳಿಗೆ ಮಗಳು, ಏಳು ವರ್ಷದ ಮೊಮ್ಮಗ ಬಂದರು. ಎರಡನೆಯ ದಿನ ಬೆಳಿಗ್ಗೆ ಕೆಂಪಿ ಅನ್ನ ತಿನ್ನುತ್ತಿರುವಾಗ ಹುಡುಗ ಪಕ್ಕದಲ್ಲಿ ಕುಳಿತು ಅದರ ತಟ್ಟೆಗೆ ಕೈ ಹಾಕಿದ. ನಾವು ಅಂಗಳದ ಆ ಕೊನೆಯಲ್ಲಿದ್ದೆವು. ಕೂಗು ಕೇಳಿ ಬಂದಾಗ ಮುಂಗೈಯಲ್ಲಿ ಎರಡು ಹಲ್ಲಿನ ಗುರುತು, ರಕ್ತ. ಅಮ್ಮ ಸುಣ್ಣ, ಅರಸಿನ ತೆಗೆದುಕೊಂಡು ಬಂದರು. ಮಗಳು ಬಿಡಲಿಲ್ಲ. ಹುಡುಗನನ್ನು ನಳ್ಳಿಯ ಕೆಳಗೆ ನಿಲ್ಲಿಸಿ ಬಟ್ಟೆ ಸಾಬೂನು ಹಚ್ಚಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದಳು. ಅವನು ಅಳುತ್ತಿದ್ದಾನೆ, ಅಮ್ಮ ಬೈಯುತ್ತಿದ್ದಾರೆ, ನಾಯಿ ಸೌದೆ ಕೊಟ್ಟಿಗೆಯೊಳಗೆ.

ಸಮೀಪದ ಆರೋಗ್ಯಕೇಂದ್ರದಲ್ಲಿ ಮೊದಲ ಚುಚ್ಚುಮದ್ದು ಕೊಟ್ಟರು. ರಕ್ತ ಬಂದ ಗಾಯವಾದುದರಿಂದ ಗಾಯದೊಳಗೇ ಕೊಡಬೇಕಾದ ಸೀರಂ ಕೂಡ ಬೇಕೆಂದು ಪೇಟೆಯ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ನಾಯಿಗೆ ಚುಚ್ಚುಮದ್ದು ಆಗಿದೆಯಲ್ಲ ಎಂದು ನಾವು ಚೀಟಿ ತೋರಿಸಿದೆವು. "ಆಗಿರಲಿ. ಮಗುವಿಗೆ ಬಿಡುವ ಹಾಗಿಲ್ಲ" ಎಂದರು ಡಾಕ್ಟರರು. ಅದು ಸರಿ. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವಿಲ್ಲ. ಕಾಣಿಸಿಕೊಳ್ಳುವ ಮೊದಲು ಸರಿಯಾಗಿ ಮದ್ದು ಕೊಟ್ಟರೆ ಹೆಚ್ಚುಕಡಮೆ ಯಾರೂ ಸಾಯಬೇಕಾಗಿಲ್ಲ. ಚರ್ಮದೊಳಗೆ ಕೊಡುವ ಚುಚ್ಚುಮದ್ದು ಮೊದಲ ದಿನ, ಆಮೇಲೆ 3, 7, 28ನೆಯ ದಿನಗಳಲ್ಲಿ. ತಪ್ಪಿಸಬಾರದು. ನಮ್ಮ ಬಾಲ್ಯದಲ್ಲಿ ಹೊಕ್ಕುಳ ಸುತ್ತ 14 ಚುಚ್ಚುತ್ತಿದ್ದರು. ಅದರ ಹೆದರಿಕೆಗೇ ನಾಯಿ ಕಚ್ಚಿದ್ದನ್ನು ಮಕ್ಕಳು ಮನೆಯಲ್ಲಿ ಹೇಳುತ್ತಿರಲಿಲ್ಲ. ಅದಕ್ಕೂ ಹಿಂದೆ, ಕಾಸರಗೋಡು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡದಲ್ಲಿದ್ದ ಕಾಲಕ್ಕೆ, ಆ ಪ್ರಾಂತದ ಜನರಿಗೆ ಹುಚ್ಚುನಾಯಿಯ ಮದ್ದಿನ ದೊಡ್ಡ ಕೇಂದ್ರವೆಂದರೆ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಆರಂಭವಾದ ಪಾಶ್ಚರ್ ಸಂಸ್ಥೆ. ಇಲ್ಲಿಂದ ಅಲ್ಲಿಗೆ ಪ್ರಯಾಣ ಎಷ್ಟು ದಿನದ್ದೆಂದು ಯೋಚಿಸಿ.

ಆರೋಗ್ಯಕೇಂದ್ರದ ಗೋಡೆಯಲ್ಲಿ ದೊಡ್ಡ ಪೋಸ್ಟರು ಇತ್ತು. ನಾಯಿ ಕಚ್ಚಿದರೆ ಮೊದಲು ಸಾಬೂನು ನೀರಿನಲ್ಲಿ 15 ನಿಮಿಷ ತೊಳೆಯಿರಿ, ಗಾಯಕ್ಕೆ ಏನನ್ನೂ ಮೆತ್ತಬೇಡಿ ಎಂಬುದನ್ನೇ ಅದು ಹೇಳುತ್ತಿತ್ತು. ಮಲೆಯಾಳದಲ್ಲಿ. ನಾವು ಕೂಡಿಸಿ ಕೂಡಿಸಿ ಓದಿದೆವು. ಅಮ್ಮ ಅದೇ ಬೆಂಚಿನಲ್ಲಿ ತಮ್ಮ ರಕ್ತದೊತ್ತಡದ ಮದ್ದಿಗಾಗಿ ಎಷ್ಟೋ ತಿಂಗಳು ಕುಳಿತವರು. ಆ ಪೋಸ್ಟರು ಅವರ ಕಣ್ಣ ಮುಂದೆಯೇ ಇದ್ದಿರಬೇಕು. ಕನ್ನಡದಲ್ಲಿದ್ದರೆ ಅವರು ಸುಣ್ಣ ಹಿಡಿದುಕೊಂಡು ಬರುತ್ತಿರಲಿಲ್ಲ. 1969ರ ಕೇರಳ ಆಡಳಿತ ಭಾಷಾ ಕಾಯಿದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸುವ ಅವಕಾಶ ಕೊಟ್ಟಿದೆಯೆಂದು ನಾವು ಸಭೆಗಳಲ್ಲಿ ಭಾಷಣ ಮಾಡಿದ್ದೇವೆ. ಅದರ ಅರ್ಥ ನಮಗೆ ಸರಿಯಾಗಿ ತಿಳಿದದ್ದು ಆ ಬೆಂಚಿನಲ್ಲಿ.

ಮನೆಗೆ ಬಂದ ಮೇಲೆ ಪ್ರಶ್ನೆ ಎದ್ದಿತು. ಭಾವನವರ ಫೋನು ಬಂತು, "ಈಗಲೇ ತೆಗೆದುಕೊಂಡು ಹೋಗಿ ಬಿಟ್ಟು ಬನ್ನಿ." ಅಮ್ಮನಿಗೆ ಅದೇ ಅಭಿಪ್ರಾಯ. ನಮ್ಮ ಮನಸ್ಸೂ ಗಟ್ಟಿಯಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಕರಾರಿನ ಪ್ರಕಾರ ಒಪ್ಪಿಸಿ ಬರಬಹುದಿತ್ತು. ಆದರೆ ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣೆದುರೇ ಇಟ್ಟು ನೋಡಬೇಕೆಂದು ಡಾಕ್ಟರರು ಹೇಳಿದ್ದರು. ಕಚ್ಚುವ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೋಗಾಣು ಇದ್ದಿದ್ದರೆ ಹತ್ತು ದಿನದೊಳಗೆ ನಾಯಿ ಕಾಯಿಲೆ ಬಿದ್ದು ಸಾಯುತ್ತದೆ. ಕೊಂದರೆ, ಓಡಿಸಿದರೆ, ದೂರ ಬಿಟ್ಟು ಬಂದರೆ ಅದು ತಿಳಿಯುವ ದಾರಿಯೇ ಇಲ್ಲ. ಹೀಗೆ ಕೆಂಪಿಗೆ ಹತ್ತು ದಿನದ ವಾಯಿದೆ ಸಿಕ್ಕಿತು.

ಆ ಹತ್ತು ದಿನ ಅದನ್ನು ಎಲ್ಲರಿಗಿಂತ ಹೆಚ್ಚು ನೋಡಿದವರು ಅಮ್ಮ. ನೀರು ಕುಡಿಯಿತೇ, ಅನ್ನ ತಿಂದಿತೇ, ಬಾಯಲ್ಲಿ ನೊರೆ ಉಂಟೇ ಎಂದು ಹೊತ್ತು ಹೊತ್ತಿಗೆ ಚಾವಡಿಯಿಂದ ಇಣುಕುತ್ತಿದ್ದರು. ನೋಡುವುದಕ್ಕಾಗಿ ಕುರ್ಚಿಯನ್ನು ಮೊದಲು ಚಾವಡಿಯ ಬಾಗಿಲಿಗೆ, ಆಮೇಲೆ ಜಗಲಿಗೆ ಹಾಕಿಸಿಕೊಂಡರು. ಆರನೆಯ ದಿನ ಅನ್ನಕ್ಕೆ ಮಜ್ಜಿಗೆ ಸಾಲದೆಂದು ಮನೆಯಾಕೆಗೆ ಹೇಳಿದರು. ಹನ್ನೊಂದನೆಯ ದಿನ ಬೆಳಿಗ್ಗೆ ನಾವು ವಿಷಯ ಎತ್ತಿದಾಗ, "ತಿನ್ನುವಾಗ ತಟ್ಟೆಗೆ ಕೈ ಹಾಕಿದರೆ ನೀನೂ ಚಿಕ್ಕಂದಿನಲ್ಲಿ ತಮ್ಮನಿಗೆ ಕಚ್ಚಿದ್ದಿ" ಎಂದರು. ಮತ್ತೆ ಆ ಮಾತು ಬರಲಿಲ್ಲ. ಮೊಮ್ಮಗನ ಉಳಿದ ಚುಚ್ಚುಮದ್ದುಗಳು ಕಾಸರಗೋಡಿನಲ್ಲಿ ಎರಡು, ಮಂಗಳೂರಿನಲ್ಲಿ ಒಂದು, ಹೀಗೆ ತಪ್ಪದೆ ಆದವು. ಈಗ ಅವನು ಬಂದರೆ ಕೆಂಪಿ ಊಟ ಮುಗಿಸುವ ತನಕ ಜಗಲಿಯಿಂದ ಇಳಿಯುವುದಿಲ್ಲ. ಈ ಪಾಠವನ್ನು ನಾಯಿ ತಂದ ದಿನವೇ ಹುಡುಗನಿಗೆ ನಾವು ಹೇಳಬೇಕಿತ್ತು. ಆ ತಪ್ಪು ನಮ್ಮದು, ನಾಯಿಯದಲ್ಲ.

ನಾಯಿ ಸಾಕುವವರು ಪಂಚಾಯತಿನ ಲೈಸೆನ್ಸು ತೆಗೆದುಕೊಳ್ಳಬೇಕೆಂದು ಕೇರಳದಲ್ಲಿ 1998ರಿಂದಲೇ ನಿಯಮವಿದೆ. ನಮ್ಮ ಊರಿನಲ್ಲಿ ಎಷ್ಟು ಮಂದಿ ತೆಗೆದುಕೊಂಡಿದ್ದಾರೋ! ಕರಿಯನಿಗೆ ನಾವೂ ತೆಗೆದುಕೊಂಡಿರಲಿಲ್ಲ. ಈ ಸಲ ಚುಚ್ಚುಮದ್ದಿನ ಚೀಟಿ ಹಿಡಿದುಕೊಂಡು ಹೋದೆವು. ಅರ್ಜಿಯ ನಮೂನೆ ಮಲೆಯಾಳದಲ್ಲಿ ಮಾತ್ರವಿತ್ತು. ಕನ್ನಡದಲ್ಲಿ ಬರೆದುಕೊಟ್ಟೆವು. ಗುಮಾಸ್ತರು ಒಮ್ಮೆ ಅರ್ಜಿಯನ್ನೂ ಒಮ್ಮೆ ನಮ್ಮನ್ನೂ ನೋಡಿ, ಒಳಗೆ ಹೋಗಿ ಬಂದು, ತೆಗೆದುಕೊಂಡರು. ಎರಡು ವಾರ ಕಳೆದು ಲೈಸೆನ್ಸು ಬಂತು. ಅಂಟಿಸಿದ ಹಾಗೆ ಎಲ್ಲ ಮಲೆಯಾಳ, ಹೆಸರಿನ ಜಾಗದಲ್ಲಿ 'ಕೆಂಬಿ' ಎಂದಿದೆ. ತಿದ್ದಿಸಲು ಹೋಗಿಲ್ಲ.

ಕಳೆದ ತಿಂಗಳು ತೋಡಿನಾಚೆಯ ಮನೆಯ ನಾಯಿ ಐದು ಮರಿ ಹಾಕಿತು. ಗಂಡು ಎರಡು, ಹೆಣ್ಣು ಮೂರು. ಮನೆಯವರು ಗೋಣಿಚೀಲದ ಮಾತೆತ್ತದೆ, "ಮಾಷ್ಟ್ರೆ, ನಿಮಗೆ ಮಂಗಳೂರಿನವರ ಗುರ್ತ ಉಂಟಲ್ಲ, ಈ ಮೂರನ್ನು ಅಲ್ಲಿಗೆ ಮುಟ್ಟಿಸ್ತೀರಾ?" ಎಂದು ಕೇಳಿದರು. ನಾವು ಆ ಗೂಡಿನಲ್ಲಿ ಕಂಡ ಹದಿನೇಳನ್ನು ಇಪ್ಪತ್ತು ಮಾಡಿದರೆ ಚೀಲದ ಬಾಯಿ ಬೇರೆ ಕಡೆ ಬಿಚ್ಚಿದಂತಾಯಿತೇ ಹೊರತು ಬೇರೇನಲ್ಲ ಎಂದು ಅವರಿಗೆ ಹೇಳಿದೆವು. ಸ್ವಲ್ಪ ಬೇಸರಪಟ್ಟುಕೊಂಡರು. ಮರಿಗಳು ಹಾಲು ಬಿಟ್ಟ ಕೂಡಲೇ ತಾಯಿನಾಯಿಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಲು ಮೃಗಾಸ್ಪತ್ರೆಯ ಡಾಕ್ಟರರನ್ನು ಅವರೊಡನೆಯೇ ಹೋಗಿ ಕಂಡು ಬಂದೆವು. ಹೆಣ್ಣುಮರಿಗಳಲ್ಲಿ ಒಂದನ್ನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಒಪ್ಪಿದ್ದಾನೆ, ಆರು ತಿಂಗಳಾದಾಗ ಆಪರೇಷನ್ ಮಾಡಿಸುತ್ತೇನೆಂದು ಕರಾರು ಬರೆದುಕೊಟ್ಟು. ಇನ್ನೊಂದಕ್ಕೆ ಬೇಲಿಯಾಚೆಯ ಮಲೆಯಾಳದ ಮನೆಯವರೇ ಮುಂದೆ ಬಂದರು.

ಮೂರನೆಯದು, ಮುಂಗಾಲು ಎರಡೂ ಬೆಳ್ಳಗಿರುವುದು, ಇನ್ನೂ ಅವರ ಹಟ್ಟಿಯಲ್ಲಿದೆ. ಅನ್ನ ತಿನ್ನುತ್ತದೆ, ಬೊಗಳಲು ಕಲಿತಿದೆ. ಬೇಕಾದವರು ಪತ್ರಿಕೆಯ ಕಚೇರಿಯಲ್ಲಿ ವಿಚಾರಿಸಿದರೆ ನಮಗೆ ತಿಳಿಸುತ್ತಾರೆ. ಬಾವಿಗೆ ಕಟ್ಟೆ ಉಂಟೇ ಎಂದು ನಾವು ಕೇಳುತ್ತೇವೆ.